ದರಗಿಗೆ ಹೋಗುವವರಿಗೆ: ಮಂಗನ ಕಾಯಿಲೆ ಕಾಲದಲ್ಲಿ ಕಾಡಿಗೆ ಹೋಗಿ ಬರುವ ಕ್ರಮ

ದೀಪಾವಳಿ ಮುಗಿದು ನೆಲ ಒಣಗತೊಡಗಿದರೆ ನಮ್ಮ ಸಾಗರ ಸೀಮೆಯಲ್ಲಿ ಎರಡು ಕೆಲಸ ಒಟ್ಟಿಗೆ ಬರುತ್ತವೆ: ಅಡಿಕೆ ಕೊನೆ ಕೊಯ್ಲು, ಕೊಟ್ಟಿಗೆಗೆ ದರಗು, ಅಂದರೆ ಕಾಡಿನ ಒಣ ಎಲೆ, ಒಟ್ಟುವುದು. ಮಂಗನ ಕಾಯಿಲೆ ಹರಡುವ ಮರಿ ಉಣುಗು (ರಕ್ತ ಹೀರುವ ಉಣ್ಣೆ) ಕಾಡಿನ ನೆಲದಲ್ಲಿ ಹೆಚ್ಚಾಗುವುದೂ ಆ ಹೊತ್ತಿಗೇ. ಡಿಸೆಂಬರಿನಿಂದ ಮೇ ತನಕ ಕಾಡಿನ ಕಡೆ ಹೋಗಬೇಡಿ ಎಂದುಬಿಡುವುದು ಸುಲಭ. ಒಲೆ, ಕೊಟ್ಟಿಗೆ, ತೋಟ ಮೂರಕ್ಕೂ ಕಾಡನ್ನೇ ನಂಬಿದವರಿಗೆ ಆ ಮಾತು ಪ್ರಯೋಜನಕ್ಕೆ ಬಾರದು. ಹೋಗುವುದೇ ಆದರೆ ಹೇಗೆ ಹೋಗಬೇಕು, ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ತೋಟದವಳಾಗಿ ಬರೆಯುತ್ತಿದ್ದೇನೆ.

ಮೊದಲು ಉಣುಗಿನ ವಿಚಾರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಯವರು ಜ್ವರ ಹಿಡಿದು ಮಲಗಿದಾಗ ಈ ಕಾಯಿಲೆ ತರುವ ವೈರಸ್ ಗೊತ್ತಾಯಿತು. ದೊಡ್ಡ ಉಣುಗು ಮಳೆಗಾಲದಲ್ಲಿ ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದು, ಕೆಳಗೆ ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಅದರ ಮರಿಗಳು ಇಲಿ, ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದೂ ಈ ಮರಿಗಳೇ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂತತಿ ಬೆಳೆಯುವುದು ದನದ ಮೈಮೇಲೆ. ಕಾಡು ಕಡಿದು ಗದ್ದೆ, ತೋಟ ಮಾಡಿ, ಅಂಚಿನಲ್ಲಿ ಲಂಟಾನ ಪೊದೆ ಎದ್ದು, ಅಲ್ಲೇ ದನ ಬಿಟ್ಟರೆ ದನ, ಮಂಗ, ಮನುಷ್ಯ ಎಲ್ಲರೂ ಒಂದೇ ಜಾಗದಲ್ಲಿ ಓಡಾಡಿದಂತಾಗುತ್ತದೆ. ಎಂಬತ್ತರ ದಶಕದಲ್ಲಿ ಬೆಳ್ತಂಗಡಿಯ ನಿಡ್ಲೆ ಕಡೆ ಗೇರು ತೋಟಕ್ಕೆಂದು ಕಾಡು ಕಡಿದ ಬೆನ್ನಿಗೇ ಕಾಯಿಲೆ ಅಲ್ಲಿ ಬಹಳ ಜನರನ್ನು ಬಲಿ ತೆಗೆದುಕೊಂಡಿತು. ಆದ್ದರಿಂದ ನಡುಕಾಡಿಗಿಂತ ಅಂಚಿನ ಕುರುಚಲು ಪೊದೆ, ದನ ತಿರುಗುವ ಕಾಲುದಾರಿಗಳಲ್ಲಿ ಹೆಚ್ಚು ಎಚ್ಚರ ಬೇಕು.

ದರಗನ್ನು ಆದಷ್ಟು ಬೇಗ, ಡಿಸೆಂಬರ್ ಮುಗಿಯುವುದರೊಳಗೆ ಒಟ್ಟಿಕೊಳ್ಳಿ. ಜನವರಿಯಿಂದ ಏಪ್ರಿಲ್‌ವರೆಗೆ ಅಪಾಯ ಜಾಸ್ತಿ. ಹೊರಡುವಾಗ ತಿಳಿ ಬಣ್ಣದ ಉದ್ದ ತೋಳಿನ ಅಂಗಿ, ಪ್ಯಾಂಟು ತೊಟ್ಟು, ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ಸೇರಿಸಿ. ಸೀರೆ ಉಟ್ಟು ಹೋಗುವ ಹೆಂಗಸರು ಒಳಗೆ ಪ್ಯಾಂಟು ಹಾಕಿಕೊಳ್ಳಲು ನಾಚಿಕೊಳ್ಳುತ್ತಾರೆ. ನಾಚಿಕೊಳ್ಳಬೇಡಿ, ದರಗು ಗುಡಿಸುವಾಗ ನೆಲಕ್ಕೆ ಬಾಗುವವರು ನಾವೇ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕಾಲು, ಕೈ, ಕುತ್ತಿಗೆಗೆ ಹಚ್ಚಿ. ಬೆವರಿಗೆ ಅದು ಇಳಿದುಹೋಗುವುದರಿಂದ ಮಧ್ಯಾಹ್ನ ಊಟವಾದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಊಟಕ್ಕೆ ಮುಂಚೆ ಕೈ ತೊಳೆಯುವುದು ಮರೆಯಬೇಡಿ. ದಣಿವಾಯಿತೆಂದು ದರಗಿನ ಮೇಲೆ ಕೂರುವುದು, ಒರಗುವುದು ಖಂಡಿತ ಬೇಡ. ಕೂಲಿಗೆ ಜನ ಕರೆದಿದ್ದರೆ ಅವರಿಗೂ ಎಣ್ಣೆ ಕೊಡಿ. ಕೂಲಿ ಕೊಡುವವರ ಜವಾಬ್ದಾರಿ ಅದು.

ಮನೆಗೆ ಬಂದ ಮೇಲಿನ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಮೈಮೇಲಿನ ಬಟ್ಟೆಯಲ್ಲಿ ಒಳಗೆ ಹೋಗಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ನೇರ ಬಚ್ಚಲಿಗೆ ಹೋಗಿ, ಬಟ್ಟೆ ಬಿಚ್ಚಿ ಹಂಡೆಯ ಕುದಿನೀರು ಸುರಿದು ನೆನೆಹಾಕಿ. ಬಿಸಿನೀರು, ಸೋಪು ಹಾಕಿ ಮೈ ಉಜ್ಜಿಕೊಂಡ ನಂತರ ಬ್ಯಾಟರಿ ಹಿಡಿದು ಮೈ ನೋಡಿಕೊಳ್ಳಬೇಕು. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಮಚ್ಚೆಯೋ ಮಣ್ಣೋ ಎಂದು ಬಿಟ್ಟುಬಿಡುತ್ತೇವೆ. ಬೆರಳ ತುದಿಯಿಂದ ಮೆಲ್ಲಗೆ ಸವರಿದರೆ ತಡೆಯುತ್ತದೆ. ಕಂಕುಳು, ಮೊಣಕಾಲಿನ ಹಿಂಬದಿ, ತೊಡೆಸಂದಿ, ಕಿವಿಯ ಹಿಂದೆ, ಸೊಂಟದಲ್ಲಿ ಲಂಗದ ಲಾಡಿ ಬಿಗಿದ ಜಾಗ ಇವನ್ನು ಬಿಡಬೇಡಿ. ಬೆನ್ನು, ತಲೆಗೂದಲನ್ನು ಮನೆಯವರೇ ನೋಡಿಕೊಡಬೇಕು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಲ್ಲಿ ಚಿವುಟಿ ಒಡೆಯಲೂ ಬೇಡಿ. ತೆಗೆದ ಜಾಗವನ್ನು ಸೋಪಿನಿಂದ ತೊಳೆಯಿರಿ.

ತಂದ ದರಗನ್ನು ಅಂಗಳದಲ್ಲಿ, ಮನೆ ಗೋಡೆಗೆ ಆನಿಸಿ ರಾಶಿ ಹಾಕುವ ರೂಢಿ ಬಿಡಬೇಕು. ಅದರ ಜೊತೆಗೆ ಉಣುಗೂ ಬಂದಿರುತ್ತದೆ. ಮನೆಯಿಂದ ದೂರ ಹಾಕಿ, ಮಕ್ಕಳನ್ನು ರಾಶಿಯ ಹತ್ತಿರ ಆಡಲು ಬಿಡಬೇಡಿ.

ಮುಸಿಯನೋ ಕೆಂಪು ಮಂಗವೋ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಹೂಳಲು ಹೋಗಲೇಬೇಡಿ. ಹನುಮಂತನೆಂದು ಪೂಜೆ ಮಾಡಿ ಹೂಳುವ ಭಕ್ತಿ ನನಗೂ ಅರ್ಥವಾಗುತ್ತದೆ. ಆದರೆ ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗೆಲ್ಲ ಸುತ್ತಲಿನ ನೆಲಕ್ಕೆ ಇಳಿದಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಕ್ಷಣ ತಿಳಿಸಿ. ಅವರು ಬಂದು 50 ಮೀಟರ್ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಉದುರಿಸುತ್ತಾರೆ. ಆ ಕಡೆ ಆ ಹಂಗಾಮು ಪೂರ್ತಿ ದನ ಹೊಡೆಯಬೇಡಿ.

ಉಣುಗು ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ಸೊಂಟ-ಕಾಲು ಮುರಿದುಹೋಗುವಂಥ ನೋವು, ಕಣ್ಣು ಕೆಂಪಾಗುವುದು, ವಾಂತಿ ಕಾಣಿಸಿದರೆ ಅಂಗಡಿ ಮಾತ್ರೆಯಲ್ಲಿ ಕಾಲ ಕಳೆಯಬೇಡಿ. ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಡಾಕ್ಟರ ಮುಂದೆ ಮೊದಲ ಮಾತೇ "ಕಾಡಿಗೆ ಹೋಗಿದ್ದೆ" ಎಂದಾಗಿರಲಿ. ಈ ರೋಗಕ್ಕೆಂದೇ ಬೇರೆ ಔಷಧಿ ಇಲ್ಲ. ಬೇಗ ಹೋದರೆ ಡ್ರಿಪ್ ಹಾಕಿ, ರಕ್ತದ ಮೇಲೆ ನಿಗಾ ಇಟ್ಟು ಉಳಿಸುತ್ತಾರೆ. ಹಳೇ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿಬಿಟ್ಟಿದ್ದಾರೆ. ಜ್ವರ ಬಿಟ್ಟ ಮೇಲೂ ಎರಡು ವಾರ ನೋಡುತ್ತಿರಿ. ಕೆಲವರಿಗೆ ಮತ್ತೆ ಜ್ವರ ಬಂದು ತಲೆನೋವು, ನಡುಕ, ಮಂಕು ಕವಿಯುವುದುಂಟು. ಆಗ ತಡಮಾಡದೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಹಾಗಾಗಿ ಕಾಯಿಲೆಯವರ ಮನೆಗೆ ಹೋಗಲು ಹೆದರಬೇಡಿ, ಗಂಜಿ ಕೊಟ್ಟು ಬನ್ನಿ.

ಮುಂದಿನ ವರ್ಷದ ತಯಾರಿ ಮಳೆಗಾಲದಲ್ಲೇ ಶುರುವಾಗಬೇಕು. ದೊಡ್ಡ ಉಣುಗು ದನದ ಮೈಯಲ್ಲಿರುವ ಜೂನ್, ಜುಲೈ, ಆಗಸ್ಟಿನಲ್ಲಿ ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸಿ. ಒಂದು ಮನೆಯವರು ಮಾತ್ರ ಹಾಕಿಸಿದರೆ ಸಾಲದು, ಒಂದೇ ಬೆಟ್ಟಕ್ಕೆ ಮೇಯಲು ಹೋಗುವ ಊರಿನ ದನಕ್ಕೆಲ್ಲ ಒಟ್ಟಿಗೆ ಆಗಬೇಕು.