ಮೊದಲ ಕೀಮೋ ಬಾಟಲಿ ಏರಿಸೋ ಮುಂಚೆ ಒಂದು ರಕ್ತ ಪರೀಕ್ಷೆ ಕೇಳಿ

ನಮ್ಮಣ್ಣ ಸಿಂಧನೂರಿನಲ್ಲಿ 20 ವರ್ಷ ಭತ್ತದ ಲಾರಿ ಓಡಿಸಿದವನು. ಬಾಯಲ್ಲಿ ಸದಾ ಗುಟ್ಕಾ. ಕೊನೆಗೆ ಕೆನ್ನೆಯ ಒಳಗೆ ಕ್ಯಾನ್ಸರ್ ಆಯಿತು. ಆಪರೇಷನ್‌ಗೆ ಮುಂಚೆ ಗಡ್ಡೆ ಕುಗ್ಗಲಿ ಅಂತ ಮೂರು ಔಷಧಿ ಕೊಟ್ಟರು: ಡೊಸಿಟ್ಯಾಕ್ಸೆಲ್, ಸಿಸ್ಪ್ಲಾಟಿನ್, ಫೈವ್ ಎಫ್‌ಯು. ಐದು ದಿನ ಫೈವ್ ಎಫ್‌ಯು ಇಳಿಸೋ ಪಂಪ್ ಬಿಚ್ಚಿ ಮತ್ತೆ ಐದು ದಿನಕ್ಕೆ ಬಾಯಿ ತುಂಬ ಹುಣ್ಣು. ಅತ್ತಿಗೆ ಚಮಚದಲ್ಲಿ ಮಜ್ಜಿಗೆ ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಗುಟುಕು ಇಳಿಯುತ್ತಿರಲಿಲ್ಲ. ಭೇದಿ ನಿಲ್ಲಲಿಲ್ಲ. ಬಿಳಿ ರಕ್ತಕಣ ಕುಸಿದವು. 11 ದಿನ ಆಸ್ಪತ್ರೆಯಲ್ಲೇ ಕಳೆದೆವು.

ಆಮೇಲೆ ಇನ್ನೊಬ್ಬ ಡಾಕ್ಟರ್ ರಕ್ತ ಕಳಿಸಿ ನೋಡಿದಾಗ ಕಾರಣ ಸಿಕ್ಕಿತು. ಮೈಗೆ ಹೋದ ಫೈವ್ ಎಫ್‌ಯುನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ಒಡೆದು ಹಾಕೋದು ಡಿಪಿಡಿ ಅನ್ನೋ ಕಿಣ್ವ. ಅದನ್ನು ತಯಾರಿಸೋ ಜೀನ್ ಡಿಪಿವೈಡಿ. ಅವ್ವನಿಂದ ಒಂದು ಪ್ರತಿ, ಅಪ್ಪನಿಂದ ಒಂದು. ಅಣ್ಣನದು ಒಂದು ಪ್ರತಿ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಕೊಡೋ ಡೋಸೇ ಅವನಿಗೆ ವಿಷವಾಯಿತು.

ನೀವು ಮೊದಲು ಕೇಳಬೇಕಾದದ್ದು ಔಷಧಿಯ ಹೆಸರು. ಚೀಟಿಯಲ್ಲಿ ಫೈವ್ ಎಫ್‌ಯು ಅಥವಾ ಕೆಪೆಸಿಟಬಿನ್ ಮಾತ್ರೆ ಇದ್ದರೆ (ಮಾತ್ರೆಯೂ ಮೈಯೊಳಗೆ ಹೋಗಿ ಫೈವ್ ಎಫ್‌ಯುವೇ ಆಗುತ್ತದೆ) “ಡಿಪಿವೈಡಿ ಪರೀಕ್ಷೆ ಮಾಡಿಸೋಣವಾ ಸರ್?” ಅಂತ ಕೇಳಿ. ಸಂಕೋಚ ಬೇಡ. ಯುರೋಪಿನ ಔಷಧ ಸಂಸ್ಥೆ 2020ರಲ್ಲೇ ಇದನ್ನು ಚಿಕಿತ್ಸೆಗೆ ಮುಂಚೆ ಮಾಡಿ ಅಂತ ಹೇಳಿದೆ. ಬೇಕಾಗೋದು ಸ್ವಲ್ಪ ರಕ್ತ ಅಷ್ಟೇ. ರಿಪೋರ್ಟ್‌ಗೆ ಎಷ್ಟು ದಿನ, ಅಷ್ಟು ದಿನ ಕಾಯಬಹುದಾ, ಇದನ್ನೂ ಡಾಕ್ಟರ್ ಹತ್ತಿರವೇ ಕೇಳಿ. ಸುಮ್ನೆ ನೀವೇ ಕೀಮೋ ಮುಂದೂಡಬೇಡಿ.

ಒಂದು ಗೊಂದಲ ನಮಗೂ ಆಗಿತ್ತು. ಬಯಾಪ್ಸಿ ತುಂಡಿನ ಮೇಲೆ ಮಾಡೋ ಜೀನ್ ಪರೀಕ್ಷೆ ಬೇರೆ, ಅದು ಗಡ್ಡೆಯ ಜೀನ್ ನೋಡುತ್ತದೆ. ಇದು ಹುಟ್ಟಿನಿಂದ ಬಂದ ಜೀನ್. ಅದು ಮಾಡಿಸಿದ್ದೇವೆ ಅಂತ ಇದನ್ನು ಬಿಡಬೇಡಿ.

ಲ್ಯಾಬಿನವರನ್ನೂ ಒಂದು ಮಾತು ಕೇಳಿ: ಕೆಲವೇ ಜಾಗ ನೋಡುತ್ತೀರಾ, ಇಡೀ ಜೀನ್ ಓದುತ್ತೀರಾ? ಹೆಚ್ಚಾಗಿ ನೋಡೋ ನಾಲ್ಕು ಬದಲಾವಣೆಗಳು ಯುರೋಪಿನ ಜನರಲ್ಲಿ ಗುರುತಿಸಿದವು. ನಮ್ಮವರಲ್ಲಿ ಬೇರೆಯವೂ ಇರಬಹುದು. ರಿಪೋರ್ಟ್ ನಾರ್ಮಲ್ ಬಂದರೂ ಬಾಯಿ ಹುಣ್ಣು, ಭೇದಿ, ಜ್ವರ ಕಂಡ ದಿನವೇ ಆಸ್ಪತ್ರೆಗೆ ಹೋಗಿ. ಯುರಿಡಿನ್ ಟ್ರೈಅಸಿಟೇಟ್ ಅನ್ನೋ ಪ್ರತಿಮದ್ದು ಇದೆ, ಆದರೆ ಆ ಸಲದ ಫೈವ್ ಎಫ್‌ಯು ಮುಗಿದ 96 ಗಂಟೆಯೊಳಗೆ ಕೊಡಬೇಕು. ಅಣ್ಣನಿಗೆ ಹುಣ್ಣು ಎದ್ದಾಗ ಆ ಹೊತ್ತು ದಾಟಿಹೋಗಿತ್ತು.

ಒಂದು ಪ್ರತಿ ಕೆಟ್ಟಿದ್ದರೆ ಸಾಮಾನ್ಯವಾಗಿ ಅರ್ಧ ಡೋಸಿನಿಂದ ಶುರು ಮಾಡಿ, ತಡೆದುಕೊಂಡರೆ ಏರಿಸುತ್ತಾರೆ. ಎರಡೂ ಕೆಟ್ಟಿದ್ದರೆ ಆ ಔಷಧಿಯೇ ಬೇಡ. ಅಣ್ಣನಿಗೆ ಎರಡನೇ ಸಲ ಅರ್ಧ ಕೊಟ್ಟರು. ಆ ಸಲ ಮೆತ್ತಗೆ ಮಾಡಿದ ನುಚ್ಚು ಉಂಡ.

ಸಿಸ್ಪ್ಲಾಟಿನ್‌ಗೆ ಈ ಪರೀಕ್ಷೆ ಉಪಯೋಗಕ್ಕೆ ಬರಲ್ಲ. ಅದಕ್ಕೆ ಕಿಡ್ನಿ ಮತ್ತು ಕಿವಿ ಪರೀಕ್ಷೆ ಮಾಡಿಸಿ.

ರಿಪೋರ್ಟನ್ನು ಫೈಲಿನ ಮೊದಲ ಹಾಳೆ ಮಾಡಿ. ಒಡಹುಟ್ಟಿದವರಿಗೆ, ಮಕ್ಕಳಿಗೆ ಒಂದೊಂದು ಜೆರಾಕ್ಸ್ ಕೊಡಿ. ಅವರಲ್ಲೂ ಆ ಜೀನ್ ಹಾಗೇ ಕೆಟ್ಟಿರಬಹುದು. ನಮ್ಮ ಅಕ್ಕ ತನ್ನ ಪ್ರತಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಂಡಿದ್ದಾಳೆ.