ತೋಟಾ ಕೇಸಿನ ಹೊಟ್ಟೆ ಅಳೆಯುವುದು ಹೇಗೆ?

ಅಮೆರಿಕದಲ್ಲಿರುವ ನನ್ನ ತಂಗಿ ಮಗ ಮೊನ್ನೆ ತೀರ್ಥಹಳ್ಳಿಗೆ ಫೋನ್ ಮಾಡಿದ್ದ. ಗುರಿ ಹೊಡೆಯುವ ಸ್ಪರ್ಧೆಗೆ ಅವನು ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಾನೆ. (ನಮ್ಮಲ್ಲಿ ಸುಮ್ನೆ ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು.) "ಮಾವ, ಒಂದೇ ಕೇಸ್ ಮೂರು ಸಲ ಅಳೆದರೆ ಮೂರು ಲೆಕ್ಕ ಬರ್ತಿದೆ" ಅಂದ.

ಕೇಸ್ ಅಂದರೆ ಮದ್ದು ಹಿಡಿಯುವ ಹಿತ್ತಾಳೆ ಕೊಳವೆ. ಅದರ ಒಳಜಾಗ ಕಡಿಮೆಯಾದರೆ ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ಅದಕ್ಕೇ ಈ ಅಳತೆ.

ಒಂದೇ ರೈಫಲ್‌ನಲ್ಲಿ ಹಾರಿಸಿದ, ಒಂದೇ ಉದ್ದದ ಕೇಸುಗಳು ಬೇಕು. ಸುಟ್ಟ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಬುಡದಲ್ಲೇ ಇರಲಿ, ತೆಗೆದರೆ ನೀರು ಸೋರುತ್ತದೆ. ಒಳಗಿನ ಮಸಿ ತೊಳೆದು, ಪೂರ್ತಿ ಒಣಗಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಚಿನ್ನದಂಗಡಿಯಲ್ಲಿ ಇರುತ್ತದಲ್ಲ, ಅಂಥದ್ದು. ಫ್ಯಾನ್ ಆರಿಸಿ.

ಈಗ ನೀರು. ಒಂದು ಲೋಟಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು, ಗುಳ್ಳೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ನೊರೆ ಬರುವಂತೆ ಕಲಕಬೇಡಿ. ಸಿರಿಂಜ್ ಸೂಜಿಯನ್ನು ತಳಕ್ಕೆ ಇಳಿಸಿ ಕೆಳಗಿನಿಂದ ಮೇಲಕ್ಕೆ ತುಂಬಿ. ಬೆರಳಲ್ಲಿ ತಟ್ಟಿ. ಹೊರಮೈ ಒರೆಸಿ ಮತ್ತೆ ತೂಗಿ. ಎರಡು ತೂಕಗಳ ವ್ಯತ್ಯಾಸವೇ ಲೆಕ್ಕ. ಅಮೆರಿಕದವರು ಇದನ್ನು ಗ್ರೇನ್ ಎಂಬ ತೂಕದಲ್ಲಿ ಹೇಳುತ್ತಾರೆ, 1 ಗ್ರಾಂ ಎಂದರೆ 15.43 ಗ್ರೇನ್. .308 ವಿಂಚೆಸ್ಟರ್ ಎಂಬ ರೈಫಲ್ ತೋಟಾದ ಕೇಸಿಗೆ ಸುಮಾರು 56 ಗ್ರೇನ್ ನೀರು ಹಿಡಿಯುತ್ತದೆ.

ಹುಡುಗ ತಪ್ಪಿದ್ದು ಬಾಯಿಯ ಹತ್ತಿರ. ಅಮ್ಮ ಪಾವಿನಲ್ಲಿ ಅಕ್ಕಿ ಅಳೆಯುವಾಗ ಸಾಲ ಕೊಡಲು ತಲೆ ಸವರುತ್ತಿದ್ದಳು, ಮನೆಗೆ ಗುಡ್ಡೆ ಕಟ್ಟುತ್ತಿದ್ದಳು. ಪಾವು ಅದೇ, ಅಕ್ಕಿ ಬೇರೆ! ನೀರೂ ಹಾಗೆಯೇ. 8 ಮಿ.ಮೀ. ಅಗಲದ ಬಾಯಲ್ಲಿ ನೀರು ಅರ್ಧ ಮಿ.ಮೀ. ಉಬ್ಬಿದರೂ ಸುಮಾರು 12 ಮಿಲಿಗ್ರಾಂ, ಅಂದರೆ 0.2 ಗ್ರೇನ್ ಜಾಸ್ತಿ ಬರುತ್ತದೆ. ಇವನು ಒಮ್ಮೆ ಉಬ್ಬಿಸಿ, ಒಮ್ಮೆ ತಗ್ಗಿಸಿ ತುಂಬುತ್ತಿದ್ದ. ಬೆಳಕಿಗೆ ಅಡ್ಡ ಹಿಡಿದು, ಟಿಶ್ಯೂ ಮೂಲೆಯಿಂದ ಹೀರಿಸಿ, ಪ್ರತಿ ಸಲವೂ ಮಟ್ಟಸ ಮಾಡಬೇಕು.

ನೀರು ಒಂದೇ ಬಿಸಿಯಲ್ಲಿರಲಿ. 20 ಡಿಗ್ರಿಯಿಂದ 30ಕ್ಕೆ ಹೋದರೆ ಇಷ್ಟು ನೀರಿನಲ್ಲಿ 0.1 ಗ್ರೇನ್‌ಗಿಂತ ತುಸು ಹೆಚ್ಚು ವ್ಯತ್ಯಾಸ ಬರುತ್ತದೆ. ಖಾಲಿ ಕೇಸ್ ತೂಗಿಯೇ ಅಂದಾಜು ಮಾಡುವವರೂ ಇದ್ದಾರೆ, ನನಗೆ ಅದು ಅಷ್ಟು ಹಿಡಿಸಲಿಲ್ಲ. ಹಿತ್ತಾಳೆ ಬುಡದಲ್ಲಿ ದಪ್ಪವೋ ಗೋಡೆಯಲ್ಲಿ ದಪ್ಪವೋ ತಕ್ಕಡಿಗೆ ಹೇಗೆ ಗೊತ್ತಾಗಬೇಕು?

ಮೊದಲು ಒಂದೇ ಕೇಸನ್ನು ಹತ್ತು ಸಲ ಅಳೆಯಲು ಹೇಳಿದೆ. ಕೈ ಕೂತ ಮೇಲೆ ಉಳಿದವು. ನಾನೂ ಇಲ್ಲಿ ಜಗಲಿಯಲ್ಲಿ ಕೂತು ಖಾಲಿ ಇಂಜೆಕ್ಷನ್ ಬಾಟಲಿಯಲ್ಲಿ ಮಾಡಿ ನೋಡಿದೆ. ಆರನೇ ಸಲಕ್ಕೆ ಲೆಕ್ಕ ನಿಂತಿತು.