ಬೆಂಗಳೂರು–ಮಂಗಳೂರು ವಿಮಾನ: ಕುದುರೆಮುಖ ಕಾಣೋ ಕಿಟಕಿ ಯಾವ ಕಡೆದು?

ಬೆಂಗಳೂರಿಂದ ಮಂಗಳೂರಿಗೆ ವರ್ಷಗಟ್ಟಲೆ ಓಡಾಡಿದೋರಲ್ಲೂ ಎಷ್ಟೋ ಜನ ಪಶ್ಚಿಮ ಘಟ್ಟನ ಸರಿಯಾಗಿ ನೋಡೇ ಇರಲ್ಲ, ಯಾಕಂದ್ರೆ ಘಾಟಿ ಬರೋ ಹೊತ್ತಿಗೆ ನಡುರಾತ್ರಿ ಆಗಿರತ್ತೆ, ಸ್ಲೀಪರ್ ಬಸ್ಸಲ್ಲಿ ಕಂಬಳಿ ಹೊದ್ದು ಮಲಗಿರ್ತೀವಿ, ತಿರುವಲ್ಲಿ ಹೊಟ್ಟೆ ತೊಳಸಿದಾಗ ಮಾತ್ರ ಓ ಶಿರಾಡಿ ಬಂತು ಅಂತ ಗೊತ್ತಾಗೋದು. ವಿಮಾನದಲ್ಲಿ ಹಗಲು ಹೊತ್ತು ಹೋದ್ರೆ ಅದೇ ಘಟ್ಟ ಕೆಲವೇ ನಿಮಿಷದಲ್ಲಿ ಕಾಲ ಕೆಳಗೆ ಹಾದು ಹೋಗತ್ತೆ. ನೇರ ಗೆರೆ ಎಳೆದ್ರೆ ಸುಮಾರು 300 ಕಿಲೋಮೀಟರ್, ಪ್ರಯಾಣ ಒಂದು ಗಂಟೆ ಆಸುಪಾಸು. ಅಷ್ಟರಲ್ಲಿ ತಪ್ಪು ಕಡೆ ಕೂತ್ರೆ ಪಕ್ಕದೋರ ತಲೆ ನೋಡ್ಕೊಂಡೇ ಇಳಿಬೇಕಾಗತ್ತೆ.

ಹಾಗಾಗಿ ಮೊದಲ ಕೆಲಸ, ಯಾವ ಸಾಲು ಅನ್ನೋದಕ್ಕಿಂತ ಮುಂಚೆ ಯಾವ ಕಡೆ ಅಂತ ತೀರ್ಮಾನ ಮಾಡೋದು. ಮೊಬೈಲಲ್ಲಿ ಮ್ಯಾಪ್ ತೆಗೀರಿ, ದೇವನಹಳ್ಳಿಯಿಂದ ಬಜಪೆಗೆ ಮನಸ್ಸಲ್ಲೇ ಒಂದು ದಾರ ಕಟ್ಟಿ. ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ ಹೋಗತ್ತೆ, ಅಂದ್ರೆ ಎಡಕ್ಕೆ ದಕ್ಷಿಣ, ಬಲಕ್ಕೆ ಉತ್ತರ. ಈಗ ದಾರದ ಎರಡೂ ಕಡೆ ಏನೇನಿದೆ ನೋಡ್ಕೊಳ್ಳಿ. ಎಡಗಡೆ ಮೊದಲು ಸಾವನದುರ್ಗದ ಬೋಳು ಬಂಡೆ, ಆಮೇಲೆ ಶ್ರವಣಬೆಳಗೊಳದ ಎರಡು ಬೆಟ್ಟ ಮತ್ತೆ ನಡುವಿನ ಕಲ್ಯಾಣಿ (ಗೊಮ್ಮಟ ಅಷ್ಟು ಮೇಲಿಂದ ಕಾಣ್ತಾನೆ ಅಂತ ಆಸೆ ಇಟ್ಕೋಬೇಡಿ), ಹಾಸನ ಹತ್ರ ಬಂದಾಗ ಗೊರೂರಿನ ಹೇಮಾವತಿ ಹಿನ್ನೀರು, ದೂರದಲ್ಲಿ ಕುಮಾರ ಪರ್ವತ. ಬಲಗಡೆ ಶುರುವಲ್ಲೇ ನಂದಿ ಬೆಟ್ಟ, ಆಮೇಲೆ ಸ್ವಲ್ಪ ಹೊತ್ತು ತೆಂಗಿನ ತೋಟ, ಕೆರೆ ಅಷ್ಟೇ, ಬೇಲೂರು ದಾಟ್ತಿದ್ದ ಹಾಗೆ ಬಾಬಾ ಬುಡನ್‌ಗಿರಿ ಸಾಲು, ಅದರಲ್ಲಿ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಅದಾದ್ಮೇಲೆ 1894 ಮೀಟರಿನ ಕುದುರೆಮುಖ, ಇದು ದಾರದಿಂದ ಹದಿನೈದು ಕಿಲೋಮೀಟರ್ ಅಷ್ಟೇ ದೂರ, ಹುಲ್ಲುಗಾವಲು, ಶೋಲಾ ಕಾಡಿನ ಮಡಿಕೆ ಎಲ್ಲಾ ಎಣಿಸಬಹುದು. ಘಟ್ಟ ಮುಗಿದ ಕೂಡ್ಲೇ ಬೆಳ್ತಂಗಡಿ ಹತ್ರ ಗಡಾಯಿಕಲ್ಲು, ಟಿಪ್ಪು ಕೋಟೆ ಕಟ್ಟಿಸಿದ ಜಮಲಾಬಾದ್, ಬಯಲಲ್ಲಿ ಒಂಟಿ ಹಲ್ಲು ಎದ್ದ ಹಾಗೆ ನಿಂತಿರತ್ತೆ.

ನನ್ನ ಓಟು ಬಲಗಡೆಗೆ. ಮಳೆಗಾಲ ಮುಗಿದ ಹೊಸದ್ರಲ್ಲಿ ಹಿನ್ನೀರು ತುಂಬಿದಾಗ ಎಡಗಡೆನೂ ಚೆನ್ನ, ಆದ್ರೆ ಹಿನ್ನೀರು ರಸ್ತೆಲಿ ಹೋಗಿನೂ ನೋಡಬಹುದು, ಕುದುರೆಮುಖನ ಪಕ್ಕದಿಂದ ಸಮಸಮಕ್ಕೆ ನೋಡೋಕೆ ಬೇರೆ ದಾರಿ ಇಲ್ಲ.

ಒಂದು ಎಚ್ಚರಿಕೆ. ಪೈಲಟ್‌ಗಳು ನಮ್ಮ ದಾರದ ಮೇಲೇ ಹೋಗಲ್ಲ, ಮೋಡ, ಟ್ರಾಫಿಕ್ ನೋಡ್ಕೊಂಡು ಅತ್ತ ಇತ್ತ ಸರೀತಾರೆ. ಅದಕ್ಕೆ ಫ್ಲೈಟ್‌ರಾಡಾರ್24 ಥರದ ಆ್ಯಪಲ್ಲಿ ನಿಮ್ಮ ಫ್ಲೈಟ್ ನಂಬರ್ ಹಾಕಿ ಹಿಂದಿನ ನಾಲ್ಕೈದು ದಿನ ಹೋದ ದಾರಿ ನೋಡಿ, ಐದು ನಿಮಿಷದ ಕೆಲಸ, ನಾನು ಟಿಕೆಟ್ ತಗೊಳೋಕ್ ಮುಂಚೆನೇ ಇದನ್ನ ಮಾಡೋದು. ನಂದಿ ಬೆಟ್ಟದ್ದೂ ಒಂದು ತಕರಾರಿದೆ: ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮ, ವಿಮಾನ ಏರೋದು ಗಾಳಿಗೆ ಎದುರಾಗಿ. ಮುಂಗಾರಲ್ಲಿ ಗಾಳಿ ಪಶ್ಚಿಮದಿಂದ ಬೀಸೋದ್ರಿಂದ ಪಶ್ಚಿಮಕ್ಕೇ ಏರತ್ತೆ, ನಂದಿ ಬಲಕ್ಕೆ ಸಿಗತ್ತೆ. ಚಳಿಗಾಲದಲ್ಲಿ ಪೂರ್ವಕ್ಕೆ ಏರಿದ್ರೆ ಶುರುವಲ್ಲಿ ನಂದಿ ಎಡಗಡೆಯೋರ ಪಾಲು. ಹೋಗ್ಲಿ ಬಿಡಿ, ನಂದಿಗೆ ಬೈಕಲ್ಲೇ ಹೋಗಬಹುದು.

ಎರಡನೇದು ಬಿಸಿಲು. ಸೂರ್ಯ ಇರೋ ಕಡೆ ಕೂತ್ರೆ ಕಿಟಕಿ ಗೀರೆಲ್ಲಾ ಹೊಳೆದು ಹೊರಗಡೆ ಬೆಳ್ಳಗೆ ಮಸುಕಾಗತ್ತೆ. ವರ್ಷದ ಹೆಚ್ಚಿನ ತಿಂಗಳು ನಮಗೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರ್ತಾನೆ, ಮಂಗಳೂರಿಗೆ ಹೋಗುವಾಗ ಅದು ಎಡಗಡೆ, ಬಲಗಡೆ ನೆಮ್ಮದಿ. ಆದ್ರೆ ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ ಅಂತ ಏಪ್ರಿಲ್ 24ರ ಸುಮಾರಿಗೆ ಮಕ್ಕಳೆಲ್ಲಾ ಬಾಟಲಿ ನಿಲ್ಲಿಸಿ ನೋಡ್ತಾರಲ್ಲ, ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ದಾಟಿರ್ತಾನೆ, ಆ ತಿಂಗಳುಗಳ ಸಂಜೆ ಫ್ಲೈಟಲ್ಲಿ ಬಲಗಡೆಯೋರ ಮುಖಕ್ಕೇ ಬಿಸಿಲು. ಬೆಳಗ್ಗೆ ಫ್ಲೈಟಾದ್ರೆ ಈ ತಲೆನೋವೇ ಇಲ್ಲ, ಸೂರ್ಯ ಬೆನ್ನ ಹಿಂದೆ, ಬೆಟ್ಟದ ಪೂರ್ವ ಮುಖಕ್ಕೆ ಬೆಳಕು ಬಿದ್ದಿರತ್ತೆ.

ಇನ್ನು ಸಾಲು. ಇಲ್ಲಿ ವಿಮಾನ ಯಾವುದು ಅಂತ ತಿಳ್ಕೊಳ್ಳಿ, ಬುಕ್ ಮಾಡುವಾಗ ಬರೆದಿರತ್ತೆ. ಎಟಿಆರ್ ಅಂತಿದ್ರೆ ಖುಷಿ ಪಡಿ, ಸದ್ದು ಜಾಸ್ತಿ, ನಿಧಾನ, ಸಣ್ಣದು ಅಂತ ಜನ ಮೂಗು ಮುರೀತಾರೆ, ಆದ್ರೆ ಅದರ ರೆಕ್ಕೆ ಕಿಟಕಿಗಿಂತ ಮೇಲಿದೆ, ಕೆಳಗಡೆ ನೋಟಕ್ಕೆ ಅಡ್ಡ ಬರಲ್ಲ, ಜೆಟ್‌ನಷ್ಟು ಎತ್ತರಕ್ಕೂ ಹೋಗಲ್ಲ, ಮನೆ, ತೋಟ, ಹೊಳೆ ಎಲ್ಲಾ ಹತ್ರ. ಮುಂದಿನ ಸಾಲುಗಳಲ್ಲಿ ಫ್ಯಾನು, ಇಂಜಿನ್ ಎದುರಿಗೇ ಬರತ್ತೆ, ಕಿವಿಗೂ ಕಷ್ಟ, ಅದಕ್ಕೆ ಹಿಂದಿನ ಏಳೆಂಟು ಸಾಲು ಹಿಡೀರಿ, ಹತ್ತೋ ಬಾಗಿಲೂ ಹಿಂದೇನೇ.

ಏರ್‌ಬಸ್ ಎ320 ಆದ್ರೆ ರೆಕ್ಕೆ ಕಿಟಕಿ ಕೆಳಗಿರತ್ತೆ, ಸುಮಾರು 9ನೇ ಸಾಲಿಂದ 20ರ ತನಕ ಕೂತೋರಿಗೆ ಬರೀ ತಗಡೇ ದರ್ಶನ. ಮುಂದಿನ ಸಾಲು ಬೆಸ್ಟು. ತೀರಾ ಹಿಂದೆ ಕೂತ್ರೂ ಕಾಣತ್ತೆ, ಆದ್ರೆ ಇಂಜಿನ್ ಬಿಸಿಗಾಳಿಗೆ ನೋಟ ಬಿಸಿಲುಗುದುರೆ ಥರ ನಡುಗ್ತಾ ಇರತ್ತೆ. ಎಮರ್ಜೆನ್ಸಿ ಬಾಗಿಲ ಸಾಲಲ್ಲಿ ಕಾಲು ಚಾಚೋಕೆ ಜಾಗ ಇದೆ ಅಂತ ದುಡ್ಡು ಕೊಡಬೇಡಿ, ಅದು ರೆಕ್ಕೆ ಮೇಲೇ ಇರೋದು. ಬೋಯಿಂಗ್ 737ರಲ್ಲಂತೂ ರೆಕ್ಕೆಗೆ ಸ್ವಲ್ಪ ಮುಂಚೆ ಎಸಿ ಪೈಪು ಗೋಡೆಯೊಳಗೆ ಹೋಗೋ ಜಾಗದಲ್ಲಿ ಕಿಟಕಿನೇ ಇರಲ್ಲ. ನಾನು ಒಂದ್ಸಲ ಎಕ್ಸ್‌ಟ್ರಾ ಕೊಟ್ಟು ಆ ಸೀಟೇ ತಗೊಂಡಿದ್ದೆ, ಗೋಡೆ ನೋಡ್ಕೊಂಡು ಕೂತೆ, ಹಿಂದಿನ ಸೀಟಿನ ಪುಟ್ಟ ಹುಡುಗಿ ಪಾಪ ಅಂಕಲ್ ಅಂತ ಅವಳ ಕಿಟಕಿಲಿ ಕಂಡಿದ್ದೆಲ್ಲಾ ಹೇಳ್ತಾ ಬಂದ್ಲು. ಸೀಟ್ ಮ್ಯಾಪಲ್ಲಿ ಎ ಯಾವಾಗ್ಲೂ ಎಡ ಕಿಟಕಿ, ಇನ್ನೊಂದು ಅಂಚಿನ ಅಕ್ಷರ, ಸಾಮಾನ್ಯವಾಗಿ ಎಫ್, ಬಲ ಕಿಟಕಿ.

ಬಜಪೆ ಇಳಿಯೋದನ್ನ ಮಾತ್ರ ಕಣ್ಣು ಮಿಟುಕಿಸದೆ ನೋಡಿ. ಗುಡ್ಡದ ತಲೆ ಸವರಿ ಮಾಡಿದ ಟೇಬಲ್‌ಟಾಪ್ ರನ್‌ವೇ, ಕೆಂಪು ಮುರಕಲ್ಲಿನ ಇಳಿಜಾರು ಕಂಡು ಮುಗಿಯೋ ಮೊದಲೇ ಚಕ್ರ ನೆಲ ಮುಟ್ಟಿರತ್ತೆ. ಘಟ್ಟದ ಕಡೆಯಿಂದ ನೇರ ಬಂದ್ರೆ ಗುರುಪುರ ಹೊಳೆ ಎಡಗಡೆಯೋರಿಗೆ. ಕೆಲವೊಮ್ಮೆ ಸಮುದ್ರದ ಮೇಲೆ ಹೋಗಿ ತಿರುಗಿ ಬರ್ತಾರೆ, ಆವಾಗ ಬಲಗಡೆಯೋರಿಗೆ ಲಾಟರಿ: ನೇತ್ರಾವತಿ, ಗುರುಪುರ ಎರಡೂ ಕೂಡಿ ಕಡಲಿಗೆ ಸೇರೋ ಅಳಿವೆ ಬಾಗಿಲು. ಎಡಗಡೆಯೋರಿಗೆ ಪಣಂಬೂರು ಬಂದರು, ಹಡಗು.

ವಾಪಸ್ ಬರುವಾಗ ಎಲ್ಲಾ ಉಲ್ಟಾ, ಕುದುರೆಮುಖ ಬೇಕಂದ್ರೆ ಎ. ಎಷ್ಟು ಸಲ ಹೇಳಿದ್ರೂ ನಮ್ಮನೇಲಿ ಎರಡೂ ಟಿಕೆಟಿಗೂ ಎಫ್ ಹಾಕಿ ಕೂತಿರ್ತಾರೆ.

ತಿಂಗಳು ಯಾವುದು ಅನ್ನೋದೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ಹತ್ತಿ ಹಾಸಿದ ಹಾಗೆ ಮೋಡ, ಕಿಟಕಿಗೆ ದುಡ್ಡು ಸುರೀಬೇಡಿ. ಫೆಬ್ರವರಿ ಆದ್ಮೇಲೆ ಧೂಳು ಮಬ್ಬು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಹೋಗಿ, ಹಸಿರು ಇನ್ನೂ ಆರಿರಲ್ಲ, ಆಕಾಶ ತೊಳೆದಿಟ್ಟ ಹಾಗಿರತ್ತೆ.

ಫೋಟೋ ತೆಗೆಯೋರು ಫೋನಿನ ಲೆನ್ಸನ್ನ ಕಿಟಕಿಗೆ ಹತ್ರ ಇಡಿ, ಫ್ಲ್ಯಾಶ್ ಬೇಡ, ಬಿಳಿ ಶರ್ಟ್ ಹಾಕಿದ್ರೆ ಅದೇ ಗಾಜಲ್ಲಿ ಕಾಣತ್ತೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ತೆಗೆದಿಡಿ, ಇಲ್ದಿದ್ರೆ ಕಿಟಕಿ ತುಂಬಾ ಕಾಮನಬಿಲ್ಲಿನ ಪಟ್ಟೆ. ಕಿಟಕಿ ಕೆಳಗಡೆ ಸೂಜಿ ಚುಚ್ಚಿದ ಹಾಗೆ ತೂತು ಇರತ್ತೆ, ಭಯ ಬೇಡ, ಪದರಗಳ ನಡುವೆ ಒತ್ತಡ ಸರಿಹೋಗಲಿ ಅಂತ ಬೇಕಂತಲೇ ಮಾಡಿರೋದು. ಇದೇ ಲೆಕ್ಕ ಹಾಕಿ ಬೀದರ್, ಪುಣೆ, ಗೋವಾದ ದಾಬೋಳಿಂಗೆ ಹೋಗೋರು ಅಲ್ಲಿ ಏರುವಾಗ ಇಳಿಯುವಾಗ ಫೋನ್ ಜೇಬಲ್ಲಿಡಿ, ಅವೆಲ್ಲಾ ಸೇನೆಯ ನೆಲೆಗಳು.

ಬೇಕಾದ ಸೀಟು ಸಿಗದಿದ್ರೆ ಚೆಕ್‌ಇನ್ ಕೌಂಟರಲ್ಲಿ ಬಲಗಡೆ ಕಿಟಕಿ ಏನಾದ್ರೂ ಇದ್ಯಾ ಮೇಡಂ ಅಂತ ಒಂದ್ಸಲ ಕೇಳಿ. ಬಾಗಿಲು ಹಾಕಿದ್ಮೇಲೆ ಖಾಲಿ ಕಿಟಕಿ ಕಂಡ್ರೂ ಸಿಬ್ಬಂದಿನ ಕೇಳಿನೇ ಹೋಗಿ, ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಹಿಂದೆ ಮುಂದೆ ಎಷ್ಟು ತೂಕ ಅಂತ ಲೆಕ್ಕ ಹಾಕಿ ಕೂರಿಸಿರ್ತಾರೆ, ಬಸ್ಸಲ್ಲಿ ಟವೆಲ್ ಹಾಕಿದ ಹಾಗೆ ಹಾಕೋಕಾಗಲ್ಲ.